ಮೂವತ್ತೊಂದು ಹತ್ತರಿ, ಬಾಗಿಲಿಲ್ಲದ ಬಚ್ಚಲು

ನಮ್ಮ ಸೋದರಮಾವನ ಮನೆಯಲ್ಲಿ ಮೂವತ್ತೊಂದು ಹತ್ತರಿಗಳಿದ್ದವು, ಆದರೆ ಬಚ್ಚಲಿಗೆ ಬಾಗಿಲಿರಲಿಲ್ಲ. ಮೊದಲನೆಯದು ಎರಡನೆಯದಕ್ಕೆ ಕಾರಣ. ಎರಡನೆಯದು, ನಾನು ಇವತ್ತು ಬದುಕಿ ಕೂತು ಇದನ್ನು ಬರೆಯುತ್ತಿರುವುದಕ್ಕೆ ಕಾರಣ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಹತ್ತರಿ ಎಂದರೆ ಗೊತ್ತಲ್ಲ? ಬಡಗಿ ಎರಡೂ ಕೈಯಿಂದ ಒತ್ತಿ ಹಲಗೆಯ ಮೇಲೆ ತಳ್ಳುತ್ತಾನೆ, ಮರದ ತೆಳು ಸುರುಳಿ ಎದ್ದು ಬರುತ್ತದೆ, ಹಲಗೆ ನುಣುಪಾಗುತ್ತದೆ, ಅದು. ಮರದ ಮೈ, ನಡುವೆ ಒಂದು ಬಾಯಿ, ಬಾಯೊಳಗೆ ಓರೆಯಾಗಿ ಕೂತ ಉಕ್ಕಿನ ಅಲಗು, ಅಲಗು ಕದಲದಂತೆ ಒಂದು ಬೆಣೆ. ಬಡಗಿಯ ಮನೆಯಲ್ಲಿ ಅಂಥವು ಎರಡೋ ಮೂರೋ ಇರುತ್ತವೆ. ಮಾವ ಬಡಗಿಯೂ ಅಲ್ಲ. ಪೇಟೆಯಲ್ಲಿ ಮೂರು ತಲೆಮಾರಿನಿಂದ ಹಿತ್ತಾಳೆ ಪಾತ್ರೆ ಮಾರುತ್ತಿದ್ದ ಮನೆತನ. ಬೆಳಗ್ಗೆ ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಇಟ್ಟು, ಕೊಡ ಕೊಳಗಗಳ ನಡುವೆ ಗಂಭೀರವಾಗಿ ಕೂರಬೇಕಾದವರು. ಕೂರುತ್ತಿದ್ದರು ಕೂಡ, ಮಧ್ಯಾಹ್ನದವರೆಗೆ. ಆಮೇಲೆ ಅಂಗಡಿಯನ್ನು ಗುಮಾಸ್ತರಿಗೆ ಒಪ್ಪಿಸಿ ಚಾಮರಾಜಪೇಟೆಯ ಮನೆಗೆ ಬಂದು, ಹಿತ್ತಿಲ ಜಗಲಿಯಲ್ಲಿ ಕೂತು ಹತ್ತರಿ ಮಾಡುತ್ತಿದ್ದರು. ಮಾಡುತ್ತಿದ್ದರು ಅಂದೆ, ಬಳಸುತ್ತಿದ್ದರು ಅನ್ನಲಿಲ್ಲ. ಹತ್ತರಿಯಿಂದ ಅವರು ಮಾಡಿದ ವಸ್ತು ಒಂದೇ, ಇನ್ನೊಂದು ಹತ್ತರಿ.

ಮರವಾದರೂ ಎಂಥದ್ದು! ತೇಗ, ಹಲಸು ಅವರ ಲೆಕ್ಕಕ್ಕೇ ಇಲ್ಲ. ಬೀಟೆ, ಕರಿಮರ, ರಕ್ತಚಂದನ. ಜೋರು ಗಾಳಿ ಬೀಸಿದ ಮರುದಿನ ಬೆಳಗಾಗುವ ಮುಂಚೆ ಲಾಲ್‌ಬಾಗಿನ ಕಡೆ ಹೊರಟುಬಿಡುತ್ತಿದ್ದರು, ಯಾವುದಾದರೂ ಪರದೇಶದ ಮರದ ಕೊಂಬೆ ಬಿದ್ದಿದೆಯೇ ಎಂದು ಮಾವಳ್ಳಿಯ ಸೌದೆ ಡಿಪೋದವರನ್ನು ವಿಚಾರಿಸಲು. ದಂಡಿನ ಕಡೆ, ಅಂದರೆ ಕಂಟೋನ್ಮೆಂಟಿನಲ್ಲಿ, ಬಿಳಿ ದೊರೆಗಳು ಗಂಟು ಕಟ್ಟಿ ಊರಿಗೆ ಹೊರಟ ಕಾಲ ಅದು. ಬಂಗಲೆಗಳ ಸಾಮಾನು ದಿನವೂ ಹರಾಜು. ಒಂದು ದಿನ ಎತ್ತಿನ ಗಾಡಿಯಲ್ಲಿ ಪಿಯಾನೋ ಬಂತು. ಅತ್ತೆ ಬೀದಿಯವರನ್ನೆಲ್ಲ ಕರೆದು ತೋರಿಸಿದರು. ಗಂಡನಿಗೆ ಕೊನೆಗೂ ಒಂದು ನಾಗರಿಕ ಅಭ್ಯಾಸ ಹತ್ತಿತಲ್ಲ ಎಂಬ ಹೆಮ್ಮೆ. ಸಂಜೆಯೊಳಗೆ ಮಾವ ಅದರ ಬೆರಳಿನಿಂದ ಒತ್ತುವ ಕಪ್ಪು ಪಟ್ಟಿಗಳನ್ನೆಲ್ಲ ಕಿತ್ತು ಸಾಲಾಗಿ ಜೋಡಿಸಿಟ್ಟಿದ್ದರು. ಎಲ್ಲ ಅಪ್ಪಟ ಕರಿಮರ, ಬೆಣೆಗೆ ಹೇಳಿ ಮಾಡಿಸಿದ್ದು.

"ಇನ್ನು ಇದನ್ನ ಬಾರಿಸೋದು ಹೇಗ್ರೀ?" ಎಂದು ಅತ್ತೆ ಕೇಳಿದರು.

"ಬಿಳೀದು ಹಾಗೇ ಇದೆಯಲ್ಲ, ಅದರಲ್ಲಿ ಎಷ್ಟಾಗತ್ತೋ ಅಷ್ಟು ಬಾರಿಸು."

ಮುಂದೆ ಅದರ ಮೇಲೆ ಉಪ್ಪಿನಕಾಯಿ ಜಾಡಿಗಳು ಕೂತವು. ಬಾರಿಸಿದವರು ಯಾರೂ ಇಲ್ಲ.

ತಂದ ಮರ ಕೂಡಲೇ ಹತ್ತರಿಯಾಗುತ್ತಿರಲಿಲ್ಲ. ಅದು ಮಲಗಬೇಕು. ಇದು ಮಾವನ ಮಾತು. ಕಡಿದ ಮರಕ್ಕೆ ತಾನಿನ್ನೂ ಕಾಡಿನಲ್ಲೇ ಇದ್ದೇನೆ ಎಂಬ ಭ್ರಮೆ ಇರುತ್ತದಂತೆ, ಮಳೆ ಬಂದರೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ. ಎರಡು ವರ್ಷ ಮನೆಯೊಳಗೆ ಮಲಗಿದರೆ ಕಾಡನ್ನು ಮರೆಯುತ್ತದೆ. ಹಾಗಾಗಿ ಪ್ರತಿ ತುಂಡನ್ನೂ ಅತ್ತೆಯ ಹಳೆಯ ಸೀರೆಯಲ್ಲಿ ಸುತ್ತಿ, ಸೀಮೆಸುಣ್ಣದಲ್ಲಿ ದಿನ ಬರೆದು, ಮಂಚಗಳ ಕೆಳಗೆ ಮಲಗಿಸುತ್ತಿದ್ದರು. ನಾನು ಆ ಮನೆಗೆ ಓದಲು ಬಂದ ಮೊದಲ ದಿನವೇ ಎಚ್ಚರಿಕೆ ಸಿಕ್ಕಿತು. "ನಿನ್ನ ಮಂಚದ ಕೆಳಗೆ ಕರಿಮರ ಇದೆ ಮಗು. ಪಾಠ ಓದೋದಾದ್ರೆ ಮೆಲ್ಲಗೆ ಓದು."

ನಾನು ನಗಲಿಲ್ಲ, ಮೆಲ್ಲಗೇ ಓದಿದೆ. ಆ ಮನೆಯ ಮಧ್ಯಾಹ್ನಗಳಲ್ಲಿ ಏನೋ ಮೋಡಿ ಇತ್ತು. ಜಗಲಿಯ ಮೇಲೆ ಓರೆ ಬಿಸಿಲು, ಬೀಟೆಯ ಹುಳಿಸಿಹಿ ವಾಸನೆ, ಹತ್ತರಿಯ ಸುಯ್ ಎನ್ನುವ ಉಸಿರು. ಸುರುಳಿ ಎದ್ದು ಬಂದು ಮಾವನ ಮುಂಗೈ ಸುತ್ತಿಕೊಂಡು, ಆಮೇಲೆ ಮನಸ್ಸಿಲ್ಲದ ಮನಸ್ಸಿನಿಂದ ನೆಲಕ್ಕೆ ಬೀಳುತ್ತಿತ್ತು. ಒಂದೊಂದು ಸಲ ಅದನ್ನು ಎತ್ತಿ ಬೆಳಕಿಗೆ ಹಿಡಿದು, "ಇದರ ಹಿಂದೆ ಇರೋ ಪೇಪರ್ ಓದು ನೋಡೋಣ" ಎನ್ನುತ್ತಿದ್ದರು. ಓದಲು ಬರುತ್ತಿತ್ತು! ಸುರುಳಿಗಳನ್ನು ಒಲೆಗೆ ಹಾಕಲು ಬಿಡುತ್ತಿರಲಿಲ್ಲ, ಗೋಣಿಚೀಲಗಳಲ್ಲಿ ತುಂಬಿ ಅಟ್ಟಕ್ಕೆ ಸೇರಿಸುತ್ತಿದ್ದರು. ಏಳು ಚೀಲ ಇದ್ದವು. ಯಾಕೆ ಎಂದರೆ, "ಬೇಕಾಗತ್ತೆ." ಯಾವಾಗ ಎಂದರೆ ಮತ್ತೆ ಹತ್ತರಿ ತಳ್ಳುವುದು.

ಬಚ್ಚಲ ಬಾಗಿಲಿನ ಕಥೆ ಇಲ್ಲಿಗೇ ಸೇರಿದ್ದು. ಬಚ್ಚಲು ಹಿತ್ತಿಲಲ್ಲಿತ್ತು. ಅದಕ್ಕೆ ಬಾಗಿಲು ಮಾಡುವುದಾಗಿ ಮಾವ ಮೂರು ಬೆರಳು ದಪ್ಪದ ತೇಗದ ಹಲಗೆ ತಂದರಂತೆ. ಹೊಸ ಹತ್ತರಿ ಮುಗಿದಾಗಲೆಲ್ಲ ಅದನ್ನು ಪರೀಕ್ಷಿಸಲು ಯಾವುದಾದರೂ ಮರ ಬೇಕಲ್ಲ? ಆ ಹಲಗೆಯ ಮೇಲೆ ನಾಲ್ಕು ಸಲ ಎಳೆದು ನೋಡುವುದು. ಹೀಗೆ ನಾಲ್ಕು ವರ್ಷ. ನಾನು ಬರುವ ಹೊತ್ತಿಗೆ ಬಾಗಿಲಾಗಬೇಕಿದ್ದ ಹಲಗೆ ಹಪ್ಪಳವಾಗಿತ್ತು. ಬಚ್ಚಲಿಗೆ ಒಂದು ಗೋಣಿತಾಟಿನ ಪರದೆ. ಸ್ನಾನದ ಹೊತ್ತಿಗೆ ಇಳಿಬಿಡುವುದು, ಉಳಿದ ಹೊತ್ತು ಪಕ್ಕಕ್ಕೆ ಸರಿಸುವುದು.

ಹಿತ್ತಿಲ ಮೋಟುಗೋಡೆಯ ಆಚೆ ನಿವೃತ್ತ ಸುಬೇದಾರರೊಬ್ಬರ ಮನೆ. ಹಾಸನದ ಕಡೆಯ ಒಕ್ಕಲು ಮನೆತನದವರು, ಬರ್ಮಾ ಯುದ್ಧದಲ್ಲಿ ಒಂದು ಕಾಲು ಕಳೆದುಕೊಂಡು ಮರದ ಕಾಲಿನಲ್ಲಿ ವಾಪಸು ಬಂದಿದ್ದರು. ಮೊದಲ ಭೇಟಿಯಲ್ಲಿ ಇಡೀ ಬೀದಿ ಅವರ ಶೌರ್ಯದ ಕಥೆ ಕೇಳಿದರೆ ಮಾವ ಕೇಳಿದ್ದು, "ಕಾಲು ಯಾವ ಮರದ್ದು?" ಅತ್ತೆ ನಾಚಿಕೆಯಿಂದ ಒಳಗೆ ಓಡಿದರಂತೆ. ಸುಬೇದಾರರು ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕು, ಪಂಚೆ ಎತ್ತಿ ತೋರಿಸಿದರು. ಅಂದಿನಿಂದ ಸ್ನೇಹ. ಅವರಿಗಿದ್ದ ದೂರು ಒಂದೇ. ಅವರ ಮನೆಯ ಮುಂಬಾಗಿಲು ಮಳೆಗಾಲದಲ್ಲಿ ಉಬ್ಬಿ ಹಿಡಿದುಕೊಳ್ಳುತ್ತಿತ್ತು. "ಯಜಮಾನ್ರೇ, ಮೂವತ್ತೊಂದು ಹತ್ತರಿ ಇಟ್ಕೊಂಡಿದೀರಾ, ಒಂದು ಎರಡು ಎಳೆ ಹೆರೆದು ಕೊಡಬಾರ್ದಾ?" ಎಂದು ಗೋಡೆಯಾಚೆಯಿಂದ ವಾರಕ್ಕೊಮ್ಮೆ ಕೂಗುತ್ತಿದ್ದರು. ಮಾವನ ಉತ್ತರವೂ ವಾರಕ್ಕೊಮ್ಮೆ ಅದೇ. "ಬೇವಿನ ಬಾಗಿಲಿಗೆ ನನ್ನ ಹತ್ತರಿ ಹಾಕಲ್ಲ ಸುಬೇದಾರ್ರೇ."

ಇನ್ನು ನನ್ನ ವಿಷಯ. ಅಪ್ಪನಿಗೆ ತುಮಕೂರಿನಲ್ಲಿ ಜವಳಿ ಅಂಗಡಿ. ನನ್ನನ್ನು ಇಂಟರ್‌ಮೀಡಿಯೆಟ್ ಓದಲು ಕಳಿಸುವಾಗ ಹಾಕಿದ ಕರಾರು ಒಂದೇ. ಓದಿನಿಂದ ಏನಾದರೂ ಅವಾಂತರವಾಯಿತು ಎಂದು ಒಂದು ಮಾತು ಕಿವಿಗೆ ಬಿದ್ದರೂ ಪುಸ್ತಕ ಕಟ್ಟಿಡುವುದು, ಗಂಡು ನೋಡುವುದು. ವರದಿಯ ಹೊಣೆ ಅಜ್ಜಿಗೆ, ಅಂದರೆ ಮಾವನ ತಾಯಿಗೆ. ವಾರಕ್ಕೊಂದು ಕಾರ್ಡು ಹೋಗಬೇಕು. ಅಜ್ಜಿಗೆ ಬರೆಯಲು ಬಾರದು. ಬರೆಯುತ್ತಿದ್ದವಳು ನಾನೇ!

"ಬರಿ. ಹುಡುಗಿ ಬೆಳಗ್ಗೆ ತಡವಾಗಿ ಏಳ್ತಾಳೆ" ಎಂದು ಅಜ್ಜಿ ಹೇಳಿದರೆ, ನಾನು 'ಹುಡುಗಿ ಬೆಳಗ್ಗೆ ಏಳುತ್ತಾಳೆ' ಎಂದು ಬರೆಯುತ್ತಿದ್ದೆ. ಹೀಗೆ ನನ್ನ ಓದು ಸಾಗಿತ್ತು.

ಆ ಮಳೆಗಾಲ ಮಾವನಿಗೆ ಹಿತ್ತಾಳೆಯ ಹುಚ್ಚು ಹಿಡಿಯಿತು. ಹತ್ತರಿಯ ತಳಕ್ಕೆ ಹಿತ್ತಾಳೆಯ ತಗಡು ಹೊಂದಿಸಿದರೆ ಮರ ಸವೆಯುವುದಿಲ್ಲ, ಬೆಣ್ಣೆಯ ಮೇಲೆ ಹೋದಂತೆ ಹೋಗುತ್ತದೆ. ಅಂಗಡಿ ತುಂಬ ಹಿತ್ತಾಳೆ ಇತ್ತು, ಆದರೆ ಪಾತ್ರೆಯ ತಗಡು ತೆಳು. ಮಿಲಿಟರಿಯ ಹಳೆ ಸಾಮಾನು ಮಾರುವ ಗುಜರಿಯವನೊಬ್ಬನ ಹತ್ತಿರ ಮೊಳದುದ್ದದ ಹಿತ್ತಾಳೆಯ ಕಂಬವೊಂದು ಸಿಕ್ಕಿತು. ತುದಿಯಲ್ಲಿ ಇನ್ನಾವುದೋ ಲೋಹದ, ಬಣ್ಣ ಹೋದ ಚೂಪು ಮೂತಿ. ಯಾವನೋ ದೊಡ್ಡ ಅಧಿಕಾರಿಯ ಮಂಚದ ಕಾಲು ಎಂದು ಗುಜರಿಯವನು ಹೇಳಿದ. ಮಂಚದ ಬಗ್ಗೆ ಮಾವನಿಗೆ ಗೌರವ ಇದ್ದದ್ದು ನಿಮಗೆ ಗೊತ್ತೇ ಇದೆ.

ಪಾತ್ರೆ ವ್ಯಾಪಾರದವರು ಹಿತ್ತಾಳೆಯನ್ನು ನೋಡಿ ಕೊಳ್ಳುವುದಿಲ್ಲ, ಬಾರಿಸಿ ಕೊಳ್ಳುತ್ತಾರೆ. ಬೆರಳ ಗೆಣ್ಣಿನಿಂದ ಕುಟ್ಟಿ ಕಿವಿಗೊಡುತ್ತಾರೆ. ಒಳ್ಳೆಯ ಕೊಡ ಠಣ್ಣೆಂದು ಎಷ್ಟೋ ಹೊತ್ತು ಹಾಡುತ್ತದೆ. ಈ ಕಾಲು ಹಾಡಲಿಲ್ಲ. ದಪ್ ಎಂದು ಸುಮ್ಮನಾಯಿತು. ಇಂಥ ಧ್ವನಿಯನ್ನು ಮಾವ ಹುಟ್ಟಿದಾರಭ್ಯ ಕೇಳಿರಲಿಲ್ಲ. ಮನೆಗೆ ಬಂದವರಿಗೆಲ್ಲ ಒಂದು ಮರದ ಸುತ್ತಿಗೆ ಕೊಟ್ಟು, "ಬಾರಿಸಿ ನೋಡಿ, ಏನನ್ನಿಸತ್ತೆ ಹೇಳಿ" ಎಂದರು. ಹಾಲಿನವಳು ಬಾರಿಸಿದಳು. ಭಿಕ್ಷಕ್ಕೆ ಬಂದ ಅಯ್ಯನವರು ಬಾರಿಸಿ "ಗಟ್ಟಿ ಸರಕು" ಎಂದು ಆಶೀರ್ವದಿಸಿದರು. ಅಜ್ಜಿ ಕಷಾಯಕ್ಕೆ ಶುಂಠಿಯನ್ನು ಅದರ ಮೇಲಿಟ್ಟೇ ಜಜ್ಜಿದರು, ಒಂದು ದಿನವಲ್ಲ, ಒಂದು ತಿಂಗಳು. ಈಗ ಇದನ್ನು ಬರೆಯುವಾಗ ನನ್ನ ಲೇಖನಿ ಎರಡು ಸಲ ನಿಂತಿತು. ಆಗ ನಾವೆಲ್ಲ ಆ ಕಷಾಯ ಕುಡಿದು, ಚೆನ್ನಾಗಿದೆ ಎಂದೆವು.

ಒಗಟು ಬಿಡಿಸಿದವಳು ನಾನು, ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವಳು ನಾನೊಬ್ಬಳೇ ತಾನೆ? ಒಂದು ಭಾನುವಾರ ಬೆಳಗ್ಗೆ ಅಕ್ಕಿ ತೂಗುವ ತಕ್ಕಡಿ ಎತ್ತಿಕೊಂಡು ಹೋಗಿ, ಅದನ್ನು ಗಾಳಿಯಲ್ಲಿ ಒಮ್ಮೆ, ಕೊಳಗದ ನೀರಿನಲ್ಲಿ ಮುಳುಗಿಸಿ ಒಮ್ಮೆ ತೂಗಿದೆ. ಲೆಕ್ಕ ಹಾಕಿದೆ. ಹಿತ್ತಾಳೆ ನೀರಿಗಿಂತ ಎಂಟೂವರೆ ಪಟ್ಟು ತೂಗಬೇಕು. ಇದು ಐದು ಪಟ್ಟೂ ಇಲ್ಲ.

"ಮಾವ, ಇದು ಗಟ್ಟಿಯಲ್ಲ, ಟೊಳ್ಳು. ಒಳಗೆ ಹಗುರವಾದದ್ದು ಏನೋ ತುಂಬಿದೆ."

ಮಾವ ನೋಟುಬುಕ್ಕನ್ನು ಭಕ್ತಿಯಿಂದ ನೋಡಿದರು. "ಏನಿರಬಹುದು?"

ಹಿತ್ತಾಳೆಯ ಟೊಳ್ಳು ಕಂಬಗಳಿಗೆ ಚಿತ್ತಾರ ಕೆತ್ತುವಾಗ ತಗ್ಗು ಬೀಳದಿರಲಿ ಎಂದು ಒಳಗೆ ಅರಗು ತುಂಬುವುದನ್ನು ನಾನು ಅವರ ಅಂಗಡಿಯ ಹಿಂದಿನ ಕೆಲಸದ ಮನೆಯಲ್ಲೇ ನೋಡಿದ್ದೆ. ಕೆತ್ತನೆ ಮುಗಿದ ಮೇಲೆ ಕಾಯಿಸಿದರೆ ಅರಗು ಕರಗಿ ಸುರಿಯುತ್ತದೆ. ಪುಸ್ತಕದ ವಿದ್ಯೆಯೂ ಪೇಟೆಯ ವಿದ್ಯೆಯೂ ನನ್ನ ತಲೆಯಲ್ಲಿ ಕೈಕೈ ಹಿಡಿದು ನಿಂತವು. "ಅರಗು ಮಾವ. ಒಲೆಗೆ ಹಾಕಿ, ತಾನೇ ಹೊರಗೆ ಬರತ್ತೆ" ಎಂದೆ.

ಬಚ್ಚಲ ಒಲೆಯಲ್ಲಿ ಬೆಳಗಿನ ಸ್ನಾನದ ಕೆಂಡ ಬೂದಿಯಡಿ ಇನ್ನೂ ಇತ್ತು. ಮಾವ ಅದರ ಮೇಲೆ ಮಂಚದ ಕಾಲನ್ನು ಮಲಗಿಸಿ, ಸುತ್ತ ತೆಂಗಿನ ಸಿಪ್ಪೆ ಇಟ್ಟು, ಇಕ್ಕಳ ತರಲು ಒಳಗೆ ಹೋದರು. ನಾನು ಮಂಡಿಯೂರಿ ಕೂತು ಊದುಗೊಳವೆ ಹಿಡಿದೆ. ಒಂದು ಸಲ ಊದಿದೆ. ಬೂದಿ ಹಾರಿತು. ಎರಡನೆಯ ಸಲ ಊದಿದೆ. ಕೆಂಡ ಕಣ್ಣು ಬಿಟ್ಟಿತು. ಸಿಪ್ಪೆಯ ಅಂಚಿನಿಂದ ಒಂದು ಎಳೆ ಹೊಗೆ ಎದ್ದು, ಮಾವನ ಹತ್ತರಿಯ ಸುರುಳಿಯ ಹಾಗೇ ನಿಧಾನವಾಗಿ ಸುತ್ತಿಕೊಳ್ಳುತ್ತಾ ಮೇಲೇರಿತು. ಎಷ್ಟು ಚೆಂದ ಎಂದುಕೊಂಡೆ. ಮೂರನೆಯ ಸಲಕ್ಕೆ ಉಸಿರು ತುಂಬಿಕೊಂಡೆ.

"ತಾಯಿ, ಊದಬೇಡ."

ಮೋಟುಗೋಡೆಯ ಆಚೆ ಸುಬೇದಾರರು ನಿಂತಿದ್ದರು. ತಮ್ಮ ಬಾಗಿಲಿನ ದೂರು ಹೇಳಲು ಬಂದವರು. ಅಲ್ಲಿಂದ ಬಚ್ಚಲ ಒಲೆಯವರೆಗೆ ಅವರ ಕಣ್ಣಿಗೆ ಅಡ್ಡವಿದ್ದದ್ದು ಏನೂ ಇಲ್ಲ. ಬಾಗಿಲಿಲ್ಲವಲ್ಲ!

"ಕೊಳವೆ ಅಲ್ಲೇ ಕೆಳಗಿಡು. ಎದ್ದು ನನ್ನ ಕಡೆ ಬಾ. ಓಡಬೇಡ." ಅವರ ದನಿ ಎಷ್ಟು ಮೆತ್ತಗಿತ್ತೆಂದರೆ ನನಗೆ ಹೆದರಿಕೆಯಾಯಿತು.

ಮಾವ ಇಕ್ಕಳ ಹಿಡಿದು ಬಂದರು. "ಏನ್ ಸುಬೇದಾರ್ರೇ, ಬಾಗಿಲು ಮತ್ತೆ ಹಿಡ್ಕೊಂತಾ?"

"ಬಾಗಿಲ ಮನೆ ಹಾಳಾಗ್ಲಿ ಯಜಮಾನ್ರೇ. ಒಲೇಲಿರೋದು ಎಲ್ಲಿ ಸಿಕ್ತು?"

"ಅದಾ? ಮಂಚದ ಕಾಲು."

"ಬರ್ಮಾದಲ್ಲಿ ನನ್ನ ಕಾಲು ತೆಗೆದದ್ದು ಇದರ ಅಣ್ಣನೋ ತಮ್ಮನೋ. ಫಿರಂಗಿಯ ಗುಂಡು ಅದು. ಇನ್ನೂ ಸಿಡಿದಿಲ್ಲ. ಮನೆಯವರನ್ನೆಲ್ಲ ಬೀದಿಗೆ ಕಳಿಸಿ. ನಾನು ಬಂದು ತೆಗೀತೀನಿ." ಹಾಗೆಂದು ಅವರು ಗೋಡೆಗೆ ಕೈಕೊಟ್ಟರು. ಮರದ ಕಾಲು ಗೋಡೆ ಹತ್ತಲಿಲ್ಲ.

ಮಾವ ನನ್ನ ಮುಖ ನೋಡಿದರು. ಒಂದೇ ಕ್ಷಣ. "ಅಜ್ಜಿ ಕೈ ಹಿಡ್ಕೊಂಡು ಹೋಗು" ಎಂದರು.

ನಾವು ಬೀದಿಯ ತುದಿಗೆ ಹೋಗಿ ನಿಂತೆವು. ನಾನು, ಅಜ್ಜಿ, ಅತ್ತೆ. ಸುಬೇದಾರರು ಬೀದಿಯವರನ್ನೆಲ್ಲ ಮನೆಗಳಿಂದ ಹೊರಡಿಸಿ, ಪೊಲೀಸ್ ಠಾಣೆಗೆ ಸೈಕಲ್ಲಿನಲ್ಲಿ ಒಬ್ಬರನ್ನು ಓಡಿಸಿದರು. ಮಾವ ಬರಲಿಲ್ಲ. ತೆರೆದ ತಲೆಬಾಗಿಲಿನಿಂದ ನಡುಮನೆಯವರೆಗೆ ಕಾಣುತ್ತಿತ್ತು. ಅವರು ಹತ್ತರಿಗಳ ಕಪಾಟಿನ ಕಡೆ ಹೋದದ್ದು ಕಂಡಿತು. ಎದೆಗವಚಿಕೊಂಡು ನಾಲ್ಕು, ಮತ್ತೆ ಬಂದು ನಾಲ್ಕು.

"ನೋಡಿದ್ಯಾ" ಎಂದರು ಅತ್ತೆ. "ನಾವು ಸತ್ರೂ ಪರವಾಗಿಲ್ಲ, ಆ ಕರಿಮರ ಬದುಕ್ಬೇಕು. ಹೊತ್ಕೊಂಡ್ ಬರ್ಲಿ, ಅವನ್ನೇ ಕಟ್ಕೊಂಡ್ ಸಂಸಾರ ಮಾಡ್ಲಿ."

ಆದರೆ ಅವರು ಹೊತ್ತುಕೊಂಡು ಬೀದಿಗೆ ಬರಲಿಲ್ಲ. ಅಜ್ಜಿ ಕೊರಳಿನ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದು ಕಣ್ಣು ಮುಚ್ಚಿದ್ದರು. ನಾನು ಎಣಿಸುತ್ತಿದ್ದೆ. ಏನನ್ನು ಎಣಿಸುತ್ತಿದ್ದೆ ಗೊತ್ತಿಲ್ಲ. ಒಂದು, ಎರಡು. ಒಂದು, ಎರಡು. ಮೂರು ಎನ್ನಲು ಆಗುತ್ತಿರಲಿಲ್ಲ. ಈಗಲೂ ಯಾರಾದರೂ ಒಲೆ ಊದಿದರೆ ನಾನು ಹಾಗೇ ಎಣಿಸುತ್ತೇನೆ.

ದಂಡಿನಿಂದ ಸೈನಿಕರ ಲಾರಿ ಬಂದದ್ದು ಸಂಜೆಗೆ. ಅವರ ಹಿಂದೆಯೇ ಹೋದ ಸುಬೇದಾರರು ಆಮೇಲೆ ಹೇಳಿದ್ದು ಇದು. ಮಾವ ಒದ್ದೆ ಗೋಣಿತಾಟು ಕೈಗೆ ಸುತ್ತಿಕೊಂಡು ಗುಂಡನ್ನು ಕೆಂಡದಿಂದ ಎತ್ತಿದ್ದರು. ಎತ್ತಿ ಕೆಳಗಿಟ್ಟರೆ ಬಚ್ಚಲ ನೆಲ ಇಳಿಜಾರು, ಉರುಳಿದರೆ ನೇರ ಕಲ್ಲಿನ ಮೋರಿಗೆ. ಒಂದು ಮೊಣಕಾಲನ್ನು ಅಡ್ಡ ಕೊಟ್ಟು ಮೊದಲೇ ತಂದಿಟ್ಟುಕೊಂಡಿದ್ದ ಹತ್ತರಿಗಳನ್ನು ಇಟ್ಟರು, ಆಮೇಲೆ ನಾಲ್ಕು ನಾಲ್ಕಾಗಿ ತಂದು ಎರಡೂ ಕಡೆ ಒತ್ತಾಗಿ ಜೋಡಿಸಿದರು. ಮೂವತ್ತೊಂದೂ ಮುಗಿದ ಮೇಲೂ ನಂಬಿಕೆ ಬಾರದೆ ಅಲ್ಲೇ ಪಕ್ಕದಲ್ಲಿ ಕೂತು ಕೈಯಿಟ್ಟುಕೊಂಡಿದ್ದರು. ಬೀಟೆ, ಕರಿಮರ, ರಕ್ತಚಂದನದ ಸಾಲಿನ ನಡುವೆ ಗುಂಡು ಬಾಣಂತಿಯ ಹಾಗೆ ಬೆಚ್ಚಗೆ ಮಲಗಿತ್ತಂತೆ.

"ಇದು ಕದಲದ ಹಾಗೆ ಒಯ್ಯೋಕೆ ಮೆತ್ತನೇದು ಏನಾದ್ರೂ ಇದೆಯಾ, ಹುಲ್ಲು ಗಿಲ್ಲು?" ಎಂದು ಲಾರಿಯವರು ಕೇಳಿದರು.

ಮಾವ ಅಟ್ಟ ತೋರಿಸಿದರು. ಏಳು ಚೀಲ ಸುರುಳಿ ಇಳಿದು ಬಂದವು. ಬೇಕಾಗತ್ತೆ ಎಂದಿದ್ದರಲ್ಲ! ಲಾರಿ ಮೆಲ್ಲಗೆ ಬೀದಿ ದಾಟುವಾಗ ಬಂಗಾರದ ಬಣ್ಣದ ಸುರುಳಿಗಳು ಗಾಳಿಗೆ ಒಂದೊಂದಾಗಿ ಹಾರಿ ನಮ್ಮ ತಲೆಯ ಮೇಲೆ ಬಿದ್ದವು. ಇಡೀ ಬೀದಿ ಬೀಟೆಯ ವಾಸನೆ. ಮದುವೆ ದಿಬ್ಬಣ ಹೋದ ಹಾಗಿತ್ತು.

ಅಂದು ದೀಪ ಹಚ್ಚಿದ ಮೇಲೆ ವಿಚಾರಣೆ ಶುರುವಾಯಿತು. ಅಜ್ಜಿ ಕಂಬಕ್ಕೊರಗಿ ಕೂತು ಕೇಳಿದರು. "ಬಾರಿಸಿದ್ದು ಇರ್ಲಿ, ನಾನೂ ಬಾರಿಸ್ದೆ. ಒಲೆಗೆ ಹಾಕು ಅಂತ ಯಾರು ಹೇಳಿದ್ದು?"

ಕಾಲೇಜು, ನೋಟುಬುಕ್ಕು, ತುಮಕೂರು, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂತು. ಬಾಯಿ ತೆರೆದೆ.

"ಯಾರು ಹೇಳ್ಬೇಕು?" ಎಂದರು ಮಾವ. ಅಂಗೈಯ ಬೊಬ್ಬೆಗೆ ಬೆಣ್ಣೆ ಹಚ್ಚಿಕೊಳ್ಳುತ್ತಿದ್ದರು. "ಅರಗು ತುಂಬಿರತ್ತೆ ಅಂತ ನನಗೇ ಹೊಳೀತು."

"ಈ ಹುಡುಗಿ ಅಲ್ಲೇ ಇದ್ದಳಲ್ಲ?"

"ಊದು ಅಂದೆ, ಊದಿದ್ಲು. ಅವಳಿಗೇನು ಗೊತ್ತು ಪಾಪ. ಓದೋ ಹುಡುಗಿ."

ಮರುದಿನ ಅಜ್ಜಿ ಕಾರ್ಡು ಬರೆಸಿದರು. 'ನನ್ನ ಮಗನಿಗೆ ಬುದ್ಧಿ ನೆಟ್ಟಗಿಲ್ಲ, ಬಾಂಬು ತಂದು ತಾನೇ ಒಲೆಗೆ ಹಾಕಿದ.' ಒಂದು ವರ್ಷದಿಂದ ಅವರ ಮಾತಿನಲ್ಲಿ ಬೇಕಾದದ್ದನ್ನು ಮಾತ್ರ ಬರೆದವಳು, ಆ ಕಾರ್ಡಿನಲ್ಲಿ ಒಂದಕ್ಷರವನ್ನೂ ಬಿಡಲಿಲ್ಲ. ಅಪ್ಪ ಮೂರನೆಯ ದಿನ ಬಂದು, ಕೈಗೆ ಬಟ್ಟೆ ಸುತ್ತಿಕೊಂಡು ಕೂತಿದ್ದ ಮಾವನ ಎದುರಿಗೇ ಹೇಳಿದರು, "ಈ ಮನೇಲಿ ಬುದ್ಧಿ ಅನ್ನೋದು ಇದ್ರೆ ನನ್ನ ಮಗಳೊಬ್ಬಳಿಗೇ." ಮಾವ ತಲೆಯಾಡಿಸಿ ಒಪ್ಪಿದರು.

ಬೀದಿಯಲ್ಲಿ ಅವರಿಗೆ 'ಬಾಂಬು ಯಜಮಾನ್ರು' ಎಂಬ ಹೆಸರು ಬಿತ್ತು. ಕೈ ವಾಸಿಯಾದ ದಿನ ಅವರು ಮೊದಲು ಮಾಡಿದ ಕೆಲಸ, ಬೀಟೆಯ ಹತ್ತರಿ ತೆಗೆದುಕೊಂಡು ಸುಬೇದಾರರ ಬೇವಿನ ಬಾಗಿಲು ಹೆರೆದದ್ದು. ಎರಡು ಎಳೆ ಸಾಕು ಎಂದರೂ ಬಿಡದೆ ಮಧ್ಯಾಹ್ನವೆಲ್ಲ ಹೆರೆದು, ಬಾಗಿಲಿಗೂ ಚೌಕಟ್ಟಿಗೂ ನಡುವೆ ಬೆಕ್ಕು ನುಗ್ಗುವಷ್ಟು ಸಂದು ಮಾಡಿಟ್ಟರು. ಆಮೇಲೆ ಬಚ್ಚಲಿಗೂ ಬಾಗಿಲು ಮಾಡುತ್ತೇನೆಂದು ಹೊರಟರು. ಅತ್ತೆ ಬಿಡಲಿಲ್ಲ. "ಬಚ್ಚಲಿಗೆ ಬಾಗಿಲು ಅಂತ ಈ ಜನ್ಮದಲ್ಲಿ ಎತ್ಬೇಡಿ" ಎಂದರು.

ಅತ್ತೆಯ ಬಾಯಿ ಮಾತ್ರ ನಿಲ್ಲಲಿಲ್ಲ. ಹಬ್ಬ ಹುಣ್ಣಿಮೆ ಎನ್ನದೆ, ಮನೆಗೆ ಯಾರೇ ಬರಲಿ, ಊಟ ಮುಗಿದು ಎಲೆಅಡಿಕೆಯ ತಟ್ಟೆ ಬಂದ ಕೂಡಲೇ ಶುರು. "ನಮ್ಮ ಯಜಮಾನ್ರ ಬುದ್ಧಿ ಕೇಳಿ. ಬಾಂಬನ್ನ ಒಲೆಗೆ ಹಾಕಿದ್ರು." ಎಲ್ಲರೂ ನಗುವುದು, ಮಾವ ಮೂಲೆಯಲ್ಲಿ ಅಡಿಕೆ ಅಗಿಯುವುದು, ನಾನು ಊಟದ ಎಲೆ ಎತ್ತುವ ನೆಪದಲ್ಲಿ ಒಳಗೆ ಹೋಗುವುದು. ಹೀಗೇ ನಾನು ಇಂಟರ್‌ಮೀಡಿಯೆಟ್ ಮುಗಿಸಿದೆ, ಡಿಗ್ರಿ ಮುಗಿಸಿದೆ. ಹೋದ ವರ್ಷ ಹುಡುಗಿಯರ ಕಾಲೇಜೊಂದರಲ್ಲಿ ಭೌತಶಾಸ್ತ್ರ ಹೇಳಿಕೊಡಲು ನೇಮಕವೂ ಆಯಿತು. ಮೊದಲ ವಾರದ ಪಾಠ ಯಾವುದು ಬಲ್ಲಿರಾ? ವಸ್ತುವನ್ನು ನೀರಿನಲ್ಲಿ ಮುಳುಗಿಸಿ ತೂಗುವುದು. ತಕ್ಕಡಿಯನ್ನು ನೀರಿನವರೆಗೆ ಒಯ್ದು ಎರಡು ಸಲ ಕೆಳಗಿಟ್ಟದ್ದನ್ನು ನೋಡಿ, ಹೊಸಬಳು ಎಂದು ಹುಡುಗಿಯರು ನಕ್ಕರು.

ಆ ಭಾನುವಾರವೇ ಚಾಮರಾಜಪೇಟೆಗೆ ಹೋದೆ. ಅತ್ತೆ ಅಡುಗೆಮನೆಯಲ್ಲಿ ಅಕ್ಕಿ ಆರಿಸುತ್ತಿದ್ದರು. ಹತ್ತಿರ ಕೂತು ಎಲ್ಲ ಹೇಳಿಬಿಟ್ಟೆ. ಅರಗು ಎಂದವಳು ನಾನು, ಒಲೆಗೆ ಹಾಕಿ ಎಂದವಳು ನಾನು.

ಅತ್ತೆ ಮೊರದಿಂದ ತಲೆ ಎತ್ತಲಿಲ್ಲ. "ಮೆಲ್ಲಗೆ ಮಾತಾಡು. ಅವತ್ತು ಬೆಳಗ್ಗೆ ನನ್ನ ಅಕ್ಕಿ ತಕ್ಕಡಿ ತೊಟ್ಟಿಕ್ಕೋ ಹಾಗೆ ಒದ್ದೆ ಆಗಿತ್ತು. ನಿಮ್ಮ ಮಾವ ಯಾವತ್ತು ತಕ್ಕಡೀನ ನೀರಿಗೆ ಹಾಕಿದಾರೆ?"

"ಮತ್ತೆ ಇಷ್ಟು ವರ್ಷ ಅವರನ್ನ ಬೈತಾನೇ ಇದ್ದಿರಲ್ಲ ಅತ್ತೆ?"

"ನಾನು ಬೈಯೋದು ನಿಲ್ಲಿಸಿದ್ರೆ, ಯಾಕೆ ನಿಲ್ಲಿಸಿದೆ ಅಂತ ನಿಮ್ಮಜ್ಜಿ ಕೇಳ್ತಿರ್ಲಿಲ್ವಾ? ನಿಮ್ಮಪ್ಪ ಕೇಳ್ತಿರ್ಲಿಲ್ವಾ?" ಒಂದು ಕಲ್ಲು ಹೆಕ್ಕಿ ಕಿಟಕಿಯಾಚೆ ಎಸೆದರು. "ನನಗೆ ಗೊತ್ತು ಅಂತ ಅವರ ಹತ್ರ ಅನ್ಬೇಡ. ಇಷ್ಟು ವರ್ಷ ಬೈಸ್ಕೊಂಡಿದ್ದು ದಂಡ ಆಯ್ತು ಅಂತ ಬೇಜಾರ್ ಮಾಡ್ಕೋತಾರೆ."

ಜಗಲಿಯಿಂದ ಸುಯ್ ಎನ್ನುವ ಸದ್ದು ಬರುತ್ತಿತ್ತು. ಅತ್ತೆ ಮೊರ ಕೆಳಗಿಟ್ಟು, ಸೆರಗಿನಿಂದ ಒಮ್ಮೆ ಮುಖ ಒರೆಸಿಕೊಂಡು, ದನಿ ಏರಿಸಿದರು.

"ಕೇಳಿಸ್ತೇನ್ರೀ? ಹುಡುಗಿ ಕಾಲೇಜಲ್ಲಿ ಪಾಠ ಹೇಳ್ತಾಳಂತೆ. ನೀವು ಇದೀರಿ, ಬಾಂಬನ್ನ ಒಲೆಗೆ ಹಾಕಿದವ್ರು. ಯಾರು ಹೇಳ್ಕೊಟ್ರೋ ನಿಮಗೆ ಆ ಬುದ್ಧೀನ."

ಹತ್ತರಿಯ ಸದ್ದು ಒಂದು ಕ್ಷಣ ನಿಂತಿತು.

"ನನಗೇ ಹೊಳೀತು ಕಣೇ" ಎಂದರು ಮಾವ, ಮತ್ತೆ ತಳ್ಳಲು ಶುರುಮಾಡಿದರು.